ಮುದ್ರಾರಾಕ್ಷಸನ ವರ್ಗಾವಣೆ

ವಿಶಾಖದತ್ತನು ತನ್ನ ನಾಟಕಕ್ಕೆ ‘ಮುದ್ರಾರಾಕ್ಷಸ’ವೆಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಅಮಾತ್ಯರಾಕ್ಷಸನೂ ಅವನ ಮುದ್ರೆಯುಂಗುರವೂ; ಅಚ್ಚುಕೂಟದ ಸೀಸದ ಮೊಳೆಯಲ್ಲ. ಆದರೆ ಕನ್ನಡದ ಲೇಖಕರು ಆ ಹೆಸರಿನ ಸದುಪಯೋಗವನ್ನು ಬೇರೆ ರೀತಿಯಲ್ಲಿ ಮಾಡಿಕೊಂಡರು. ಪುಸ್ತಕದಲ್ಲಿ ಕಂಡ ತಪ್ಪುಗಳನ್ನೆಲ್ಲ ಈ ರಾಕ್ಷಸನ ತಲೆಗೆ ಕಟ್ಟಿ, ಕೊನೆಯ ಪುಟದಲ್ಲೊಂದು ತಪ್ಪು-ಒಪ್ಪಿನ ಪಟ್ಟಿ ಹಾಕಿ, ತಾವು ನಿರಾಳವಾಗಿ ನಿದ್ದೆ ಮಾಡಿದರು. ರಾಕ್ಷಸನಿಂದ ಇದುವರೆಗೆ ಯಾವ ಪ್ರತಿಭಟನೆಯೂ ಬಂದಿಲ್ಲ. ಅವನು ಸರಕಾರಿ ನೌಕರನಂತೆ ಹಾಕಿದಲ್ಲಿಗೆ ಹೋಗಿ ಕೆಲಸಕ್ಕೆ ಹಾಜರಾಗುತ್ತಾನೆ. ನನ್ನ ಕಣ್ಣೆದುರಿಗೇ ಅವನಿಗೆ ಮೂರು ಸಲ ವರ್ಗಾವಣೆಯಾಗಿದೆ: ಸೀಸದ ಮೊಳೆಯಿಂದ ಕಂಪ್ಯೂಟರಿಗೆ, ಕಂಪ್ಯೂಟರಿನ ಒಂದು ಬಗೆಯ ಅಕ್ಷರದಿಂದ ಇನ್ನೊಂದು ಬಗೆಗೆ, ಅಲ್ಲಿಂದ ಈಗ ಜೇಬಿನ ಫೋನಿಗೆ. ಅವನಿಗೇನೂ ನಷ್ಟವಾಗಿಲ್ಲ. ಪ್ರತಿ ವರ್ಗಾವಣೆಯಲ್ಲಿಯೂ ಹಿಂದೆ ಉಳಿದವರು ಅವನೊಡನೆ ದಿನವೂ ಜಗಳವಾಡಿ ಅನ್ನ ಸಂಪಾದಿಸುತ್ತಿದ್ದ ಮನುಷ್ಯರು. ನಾನು ಹೇಳಬೇಕೆಂದಿರುವುದು ಅವರ ಸಂಗತಿ.

ನಮ್ಮೂರು ನೀರಮಾನ್ವಿ. ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿದೆ. ಯಲ್ಲಮ್ಮನ ಜಾತ್ರೆಯಿಂದಾಗಿ ಸುತ್ತಿನವರೆಲ್ಲ ಬಲ್ಲ ಊರು. ತೊಂಬತ್ತರ ದಶಕದ ಮೊದಲಿಗೆ, ನಾನಿನ್ನೂ ಶಾಲೆಯ ಹುಡುಗ. ಮನೆಯಲ್ಲಿ ಮದುವೆ ಗೊತ್ತಾದರೆ ಲಗ್ನಪತ್ರಿಕೆ ಅಚ್ಚು ಹಾಕಿಸಲು ಮಾನ್ವಿಗೆ ಹೋಗಬೇಕಾಗುತ್ತಿತ್ತು. ಅಪ್ಪನ ಬೆನ್ನು ಹತ್ತಿ ಹೋಗಿ ನಾನು ಕಂಡ ಮೊದಲ ಅಚ್ಚುಕೂಟ ಅದು. ಒಳಗೆ ಅರೆಗತ್ತಲು, ಮಸಿಯ ವಾಸನೆ, ಸೀಮೆಎಣ್ಣೆಯ ವಾಸನೆ, ಕಾಲಿನಿಂದ ತುಳಿಯುವ ಯಂತ್ರದ ಸಪ್ಪಳ. ಗೋಡೆಗೆ ಒರಗಿಸಿದ ಇಳಿಜಾರಾದ ಮರದ ಪೆಟ್ಟಿಗೆಗಳಲ್ಲಿ ಸಣ್ಣ ಸಣ್ಣ ಗೂಡುಗಳು; ಗೂಡಿನಲ್ಲಿ ಮೊಳೆ. ಇಂಗ್ಲಿಷಿನವನಿಗೆ ಚಿಕ್ಕದು ದೊಡ್ಡದು ಸೇರಿ ಐವತ್ತೆರಡು ಅಕ್ಷರದಲ್ಲಿ ಸಂಸಾರ ಮುಗಿಯುತ್ತದೆ. ನಮಗೆ ಕಾಗುಣಿತ ಬೇಕು, ಒತ್ತು ಬೇಕು, ಅರ್ಕಾವೊತ್ತು ಬೇಕು. ನೂರಾರು ಗೂಡುಗಳಾದರೂ ಸಾಲದು. ಮೊಳೆ ಜೋಡಿಸುವ ಮುದುಕರು ಆ ಗೂಡುಗಳ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಅಪ್ಪನ ಹಸ್ತಪ್ರತಿಯ ಮೇಲೆ. ಕೈ ತಾನಾಗಿ ಹೋಗಿ, ಹಕ್ಕಿ ಕಾಳು ಹೆಕ್ಕಿದ ಹಾಗೆ, ಬೇಕಾದ ಮೊಳೆಯನ್ನು ಹೆಕ್ಕಿ ತರುತ್ತಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗಿಬಿದ್ದ ಸಾಲುಗಳನ್ನು ಅವರು ನಾವು ಸೀದಾ ಸಾಲು ಓದುವುದಕ್ಕಿಂತ ಬೇಗ ಓದುತ್ತಿದ್ದರು.

ಆ ಮುದುಕರ ಅಧಿಕಾರ ಎಂಥದೆಂಬುದನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಅಪ್ಪ ಪತ್ರಿಕೆಯಲ್ಲಿ ಬಂಧುಗಳ ಹೆಸರನ್ನೆಲ್ಲ ಬರೆದುಕೊಂಡು ಹೋಗಿದ್ದರು. ಒಬ್ಬೊಬ್ಬರ ಹಿಂದೆಯೂ ಒಂದೊಂದು ‘ಶ್ರೀ’. ಮುದುಕರು ಎಣಿಸಿ ನೋಡಿ ಕಾಗದವನ್ನು ಹಿಂದಕ್ಕೆ ತಳ್ಳಿದರು. “ಗೌಡ್ರ, ನನ್ನ ಕಡೆ ಈ ಸೈಜಿನ್ಯಾಗ ಶ್ರೀ ಹನ್ನೆರಡ ಅದಾವ. ಹದಿಮೂರನೇದವ್ರನ್ನ ಏನ್ ಮಾಡೂಣು ಹೇಳ್ರಿ” ಎಂದರು. ಅಪ್ಪ ಬಹಳ ಹೊತ್ತು ಯೋಚಿಸಿ, ಯಾರಿಗೆ ಸಿಟ್ಟು ಬಂದರೂ ಮದುವೆ ನಿಲ್ಲುವುದಿಲ್ಲವೋ ಅಂಥವರೊಬ್ಬರ ಶ್ರೀಯನ್ನು ತೆಗೆಸಿದರು. ದುಡ್ಡು ಕೊಡುವವನು ಹೊಸ್ತಿಲಲ್ಲಿ ನಿಂತಿರುತ್ತಿದ್ದ. ಕೆಲಸ ಬಲ್ಲವನು ಒಳಗೆ ತನ್ನ ಪೆಟ್ಟಿಗೆಯ ಮುಂದೆ. ಪೆಟ್ಟಿಗೆಯ ಬಳಿಗೆ ಹೋಗಿ ಮೊಳೆ ಮುಟ್ಟುವ ಧೈರ್ಯ ಅಚ್ಚುಕೂಟದ ಯಜಮಾನನಿಗೂ ಇರಲಿಲ್ಲ. ಮುಟ್ಟಿ ಒಂದು ಗೂಡಿನದನ್ನು ಇನ್ನೊಂದಕ್ಕೆ ಹಾಕಿದರೆ ಮೂರು ದಿನದ ಕೆಲಸ ಕೆಡುತ್ತಿತ್ತು.

ಕಂಪ್ಯೂಟರು ಬಂತು. ಅಮೆರಿಕದಲ್ಲಿ ಪೇಜ್‌ಮೇಕರ್ ಎಂಬ ತಂತ್ರಾಂಶ ಹೊರಬಂದದ್ದು 1985ರಲ್ಲಿ. ನಮ್ಮ ಕಡೆಯ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಗಳಿಗೆ ಅದು ನಡೆದುಕೊಂಡು ಬಂದಿತೋ ಏನೋ, ತಲುಪುವುದಕ್ಕೆ ಹನ್ನೆರಡು ಹದಿಮೂರು ವರ್ಷ ಹಿಡಿಯಿತು. ಸೀಸದ ಮೊಳೆಯನ್ನು ತೂಕಕ್ಕೆ ಹಾಕಿ ಮಾರಿದರು. ಮೊಳೆಯ ಮುದುಕರು ಮಗನ ಕಿರಾಣಿ ಅಂಗಡಿಯಲ್ಲಿ ಕೂತರು. ಪೆಟ್ಟಿಗೆಯ ಜಾಗದಲ್ಲಿ ಮೇಜು, ಮೇಜಿನ ಮುಂದೆ ಒಬ್ಬ ಹುಡುಗ. ಆ ಹುಡುಗನೇ ಈ ಲೇಖನದ ನಾಯಕ. ಹೆಸರು ಹೇಳುವುದು ಬೇಡ. ಜನರ ಹೆಸರುಗಳನ್ನು ಇಪ್ಪತ್ತೈದು ವರ್ಷ ದಪ್ಪಕ್ಷರದಲ್ಲಿ ಕೂರಿಸಿ ಕೂರಿಸಿ ಅವನಿಗೆ ಹೆಸರೆಂದರೆ ಸಾಕಾಗಿದೆ. ನಮ್ಮೂರಿನ ಪಕ್ಕದ ಹಳ್ಳಿಯವನು, ನನಗಿಂತ ಎರಡು ವರ್ಷ ಚಿಕ್ಕವನು, ಪಿ.ಯು.ಸಿ. ಮುಗಿಸಿ ಟೈಪಿಂಗ್ ಕಲಿತು ಬಂದಿದ್ದ.

ಅವನು ಕಲಿತ ಟೈಪಿಂಗ್ ಅನಂತಸುಬ್ಬರಾಯರು ಬೆರಳಚ್ಚು ಯಂತ್ರಕ್ಕಾಗಿ ಹಾಕಿಕೊಟ್ಟ ಕೀಲಿಗಳ ಕ್ರಮದ್ದು. ಅಂಗಡಿಗೆ ಬಂದ ಮೇಲೆ ಅದನ್ನು ಮರೆತು ಕೆ. ಪಿ. ರಾಯರ ಕ್ರಮವನ್ನು ಕಲಿಯಬೇಕಾಯಿತು. ಅಚ್ಚಿನ ತಂತ್ರವನ್ನೂ ಕನ್ನಡದ ವ್ಯಾಕರಣವನ್ನೂ ಒಟ್ಟಿಗೆ ಬಲ್ಲ ರಾಯರು, ಇಂಗ್ಲಿಷಿನ ಸಾಮಾನ್ಯ ಕೀಲಿಮಣೆಯಲ್ಲಿಯೇ ಇಡೀ ಕನ್ನಡವನ್ನು ಅಡಗಿಸಿಟ್ಟರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಜನರಿಗೆ ಪುಕ್ಕಟೆಯಾಗಿ ಕೊಟ್ಟರು. ಅವರ ಉಪಾಯ ಸರಳವಾದದ್ದು: ವ್ಯಂಜನವನ್ನು ಒತ್ತು, ಅದಕ್ಕೆ ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿಯನ್ನು ಒತ್ತು. ನೀರಮಾನ್ವಿಯ ‘ನ್ವಿ’ ಬರೆಯಬೇಕೆಂದರೆ ನ, ಎಫ್, ವ, ಇ. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿಯೂ ಇದೇ ಕ್ರಮ ನಿಂತು ಸರಕಾರದ ಮಾನ್ಯತೆ ಪಡೆಯಿತು. ನಮ್ಮ ಹುಡುಗ ಆರು ತಿಂಗಳಲ್ಲಿ ಕೀಲಿಮಣೆ ನೋಡದೆ ಬರೆಯುವಷ್ಟು ಪಳಗಿದ. ಬೆರಳಿನ ಸಪ್ಪಳ ಕೇಳಿದರೆ ಹೊರಗಿನಿಂದಲೇ ಅವನು ಒತ್ತಕ್ಷರ ಹೊಡೆಯುತ್ತಿದ್ದಾನೆಂದು ಹೇಳಬಹುದಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಆಗಿನ ಕನ್ನಡ ಫಾಂಟುಗಳು ಹೊಸ ವೇಷದ ಹಳೆಯ ಮೊಳೆಪೆಟ್ಟಿಗೆಗಳೇ. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಅಕ್ಷರಗಳಿಗೂ ಚಿಹ್ನೆಗಳಿಗೂ ಇದ್ದ ಇನ್ನೂರ ಚಿಲ್ಲರೆ ಗೂಡುಗಳಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತು, ದೀರ್ಘಗಳನ್ನು, ತುಂಬಿಟ್ಟಿದ್ದರು. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು ಕನ್ನಡದ ಅಂಗಿ ತೊಟ್ಟು ನಿಂತಿದ್ದವು. ಅಂಗಿ ಕಳಚಿದರೆ, ಎಂದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ, ನೆತ್ತಿಯ ಮೇಲೆ ಚುಕ್ಕಿ ಗೆರೆ ಟೋಪಿಗಳನ್ನಿಟ್ಟುಕೊಂಡ ಯಾವುದೋ ಯೂರೋಪಿನ ಮಂದಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಅದೂ ಹೋಗಲಿ, ಯಾವ ಗೂಡಿಗೆ ಯಾವ ತುಂಡು ಎಂಬುದರಲ್ಲಿ ಕಂಪನಿಗಳಿಗೆ ಒಮ್ಮತವಿರಲಿಲ್ಲ. ಪುಣೆಯ ಶ್ರೀಲಿಪಿಯ ಪೆಟ್ಟಿಗೆ ಒಂದು ತೆರ, ಬೆಂಗಳೂರಿನ ಆಕೃತಿಯದು ಇನ್ನೊಂದು ತೆರ, ಬರಹ ನುಡಿಗಳದು ಮತ್ತೊಂದು ತೆರ. ಹೀಗಾಗಿ ಈ ಹುಡುಗನಂಥವರಿಗೆ ಮೊಳೆಯ ಮುದುಕರ ಜ್ಞಾನದಂಥದೇ ಒಂದು ಜ್ಞಾನ ಬೆಳೆಯಿತು. ಇದು ಇಂಥ ಕಂಪನಿಯದು, ಅದರಲ್ಲಿ ಈ ಒತ್ತು ಈ ಗೂಡಿನಲ್ಲಿದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಆ ಜ್ಞಾನವನ್ನು ಯಾರೂ ಪಾಠವಾಗಿ ಬರೆಯಲಿಲ್ಲ, ಅದಕ್ಕೆ ಪ್ರಮಾಣಪತ್ರವಿರಲಿಲ್ಲ.

ಜ್ಞಾನ ಮುದುಕರದೇ, ಅಧಿಕಾರ ಮಾತ್ರ ಅವರದಲ್ಲ. ಮೊಳೆಯ ಪೆಟ್ಟಿಗೆಯ ಬಳಿಗೆ ಹೋಗದಿದ್ದ ಗಿರಾಕಿ ಈಗ ಕುರ್ಚಿಯ ಹಿಂದೆ ಬಂದು ನಿಂತ. ಪರದೆಯ ಮೇಲೆ ಕಾಣುತ್ತದಲ್ಲ! ಕಂಡದ್ದರ ಬಗ್ಗೆ ಅಭಿಪ್ರಾಯ ಹೇಳದಿರುವುದು ಮನುಷ್ಯನಿಗೆ ಸಾಧ್ಯವಿಲ್ಲ. “ಇದನ್ನ ಸ್ವಲ್ಪ ಮ್ಯಾಲ ತಗೋ. ಅದನ್ನ ಕೆಂಪು ಮಾಡು. ಬ್ಯಾಡ, ಮೊದಲಿಂದೇ ಚಲೋ ಇತ್ತು.” ಒಬ್ಬರ ಕೈಬೆರಳು ಪರದೆಯ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ, ಗಾಜಿನ ಮೇಲೆಲ್ಲ ಮಿರ್ಚಿಬಜ್ಜಿಯ ಎಣ್ಣೆಯ ಗುರುತು. ಹುಡುಗನ ಬೆನ್ನು ಆ ಅಂಗಡಿಯಲ್ಲಿ ಗೋಡೆಯಂತಾಯಿತು. ಎಲ್ಲರೂ ಅದರ ಹಿಂದೆ ನಿಂತು ಮಾತನಾಡುವವರು.

ಇದರ ಪರಾಕಾಷ್ಠೆಯನ್ನು ನೋಡಬೇಕಾದರೆ ಜಾತ್ರೆಯ ಕಾಲಕ್ಕೆ ಬರಬೇಕು. ಯಲ್ಲಮ್ಮನ ಜಾತ್ರೆಗೆ ಬರುವ ಭಕ್ತರಿಗೆ ಸ್ವಾಗತ ಕೋರುವ ಫ್ಲೆಕ್ಸುಗಳು ರಸ್ತೆಯ ಎರಡೂ ಬದಿಗೆ ನಿಲ್ಲುತ್ತವೆ. ದೇವಿಗೆ ಒಂದು ಮೂಲೆ ಸಿಗುತ್ತದೆ. ಉಳಿದ ಜಾಗ ಸ್ವಾಗತ ಕೋರುವವರಿಗೆ. ಯಾರ ಮುಖ ಎಷ್ಟು ದೊಡ್ಡದು, ಯಾರು ಯಾರ ಬಲಕ್ಕೆ, ಯಾರ ಹೆಗಲು ಯಾರ ಹೆಗಲಿನ ಮೇಲೆ ಬರಬೇಕು ಎಂಬುದು ಸಾಮಾನ್ಯ ವಿಚಾರವಲ್ಲ. ಕೋರಲ್‌ಡ್ರಾದಲ್ಲಿ ಒಂದು ಮುಖವನ್ನು ಅರ್ಧ ಇಂಚು ಹಿಗ್ಗಿಸಿದರೆ ಇನ್ನೊಂದು ಓಣಿಯವರು ಅಂಗಡಿಗೆ ಬರುತ್ತಾರೆ. ಹಿರಿಯ ನಾಯಕರೊಬ್ಬರು ಪಕ್ಷ ಬದಲಾಯಿಸಿದ ವರ್ಷ ನಮ್ಮ ಹುಡುಗ ಒಂದೇ ಫ್ಲೆಕ್ಸನ್ನು ಒಂಬತ್ತು ಸಲ ಮಾಡಿದನಂತೆ. “ಸರ, ಚಿತ್ರಾ ಕೂಡ್ಸೂದು ಐದ್ ಮಿನಿಟಿನ ಕೆಲ್ಸರಿ. ಮಂದೀನ ಕೂಡ್ಸೂದಕ್ಕ ರಾತ್ರಿ ಹನ್ನೆರಡಾಗತೈತಿ” ಎಂದು ಅವನು ಹೇಳಿದ್ದು ನೆನಪಿದೆ. ವಿನ್ಯಾಸದ ಮೇಲೆ ದೊಡ್ಡ ಪುಸ್ತಕ ಬರೆದವರೂ ಇಷ್ಟು ಚೆನ್ನಾಗಿ ಹೇಳಿರಲಾರರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ತಂತ್ರಾಂಶದ ಕಂಪನಿಯಲ್ಲಿದ್ದಾನೆ. ಫೋನಿನ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕೆಂದು ಚಿತ್ರ ಬಿಡಿಸುವ ಕೆಲಸ. ಎರಡು ವರ್ಷದ ಹಿಂದೆ ಜಾತ್ರೆಗೆಂದು ಬಂದವನನ್ನು ನಾನೇ ಈ ಅಂಗಡಿಗೆ ಕರೆದುಕೊಂಡು ಹೋದೆ. ಒಬ್ಬನ ಸಂಬಳ ಇನ್ನೊಬ್ಬನ ಒಂದು ವರ್ಷದ ಗಳಿಕೆ ಎಂಬಂತಿದ್ದರೂ ಹತ್ತು ನಿಮಿಷದಲ್ಲಿ ಇಬ್ಬರೂ ಅಣ್ಣತಮ್ಮಂದಿರಂತೆ ಮಾತಿಗೆ ಇಳಿದರು. ಅವನು ಮೊದಲು ಕಲಿತದ್ದು ಫೋಟೋಶಾಪು. ಆಮೇಲೆ ಸ್ಕೆಚ್ ಎಂಬುದನ್ನು ಕಲಿಯಿರಿ ಎಂದರು. ಅದು ಕೈಗೆ ಹತ್ತುವಷ್ಟರಲ್ಲಿ ಫಿಗ್ಮಾ. ಪೇಜ್‌ಮೇಕರನ್ನು 1994ರಲ್ಲಿ ಕೊಂಡುಕೊಂಡ ಅಡೋಬಿ ಕಂಪನಿಯೇ 2022ರಲ್ಲಿ ಈ ಫಿಗ್ಮಾವನ್ನೂ ಎರಡು ಸಾವಿರ ಕೋಟಿ ಡಾಲರಿಗೆ ಕೊಳ್ಳಲು ಹೊರಟು, ಮರುವರ್ಷದ ಕೊನೆಗೆ ಆ ಮಾತನ್ನು ಕೈಬಿಟ್ಟಿತು. ಆ ಫಿಗ್ಮಾದ ವೈಶಿಷ್ಟ್ಯವೇನೆಂದರೆ ಒಂದೇ ಹಾಳೆಯ ಮೇಲೆ ಹತ್ತು ಜನ ಹತ್ತು ಊರಿನಿಂದ ಏಕಕಾಲಕ್ಕೆ ಬರಬಹುದು. ಒಬ್ಬೊಬ್ಬರ ಹೆಸರು ಹೊತ್ತ ಬಾಣಗಳು ಪರದೆಯ ಮೇಲೆ ಓಡಾಡುತ್ತಿರುತ್ತವೆ. ನಮ್ಮ ಹುಡುಗ ಇದನ್ನು ಕೇಳಿ, “ಅಂದ್ರ ಕುರ್ಚಿ ಹಿಂದ ನಿಂತವ್ರು ಪರದೆ ಒಳಗ ಬಂದ್ರಲ್ರೀಪಾ!” ಎಂದು ನಕ್ಕ. ಬೆಂಗಳೂರಿನವನು ನಗಲಿಲ್ಲ. ಈಗ ಅವನ ಕಚೇರಿಯಲ್ಲಿ, ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಯಂತ್ರವೇ ನಾಲ್ಕು ಬಗೆಯ ಚಿತ್ರ ಬಿಡಿಸಿ, ಅದಕ್ಕೆ ತಕ್ಕ ಪ್ರೋಗ್ರಾಮನ್ನೂ ಬರೆದು ಕೊಡುತ್ತದೆಯಂತೆ. ಮೇಲಿನವರು ತಾವೇ ನಾಲ್ಕು ಚಿತ್ರ ಮಾಡಿಕೊಂಡು ಬಂದು, “ಇದನ್ನು ಸ್ವಲ್ಪ ನೇರ್ಪು ಮಾಡಿ” ಎನ್ನುತ್ತಾರಂತೆ. ನೇರ್ಪು ಮಾಡುವವನಿಗೆ ಎಷ್ಟು ಜನ ಬೇಕು ಎಂಬ ಲೆಕ್ಕ ನಡೆದಿದೆ ಎಂದು ಅವನು ಮೆಲ್ಲಗೆ ಹೇಳಿದ.

ಈ ಲೆಕ್ಕ ನಮ್ಮ ಭಾಗಕ್ಕೆ ಹೊಸದಲ್ಲ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ರಾಯಚೂರಿನಲ್ಲಿ ನನ್ನ ತಾತನ ಓರಗೆಯವರು ಓದಿದ್ದು ಉರ್ದು. ಉರ್ದುವಿಗೆ ಮೊಳೆ ಸರಿಹೊಂದದೆ ಹೈದರಾಬಾದಿನ ಪತ್ರಿಕೆಗಳನ್ನು ‘ಕಾತಿಬ’ರೆಂಬ ಸುಂದರ ಕೈಬರಹದ ಜನ ದಿನವೂ ಕೈಯಿಂದಲೇ ಬರೆಯುತ್ತಿದ್ದರು, ಅದರಿಂದ ಅಚ್ಚಾಗುತ್ತಿತ್ತು. 1994ರಲ್ಲಿ ಇನ್‌ಪೇಜ್ ಎಂಬ ತಂತ್ರಾಂಶ ಬಂದ ಮೇಲೆ ಆ ಕೈಬರಹವನ್ನು ಯಂತ್ರವೇ ಬರೆಯಿತು. ಕಾತಿಬರು ಮದುವೆಯ ಪತ್ರಿಕೆಗೂ ಅಂಗಡಿಯ ಬೋರ್ಡಿಗೂ ಇಳಿದರು.

ನಮ್ಮ ಹುಡುಗನ ಸರದಿ ಯೂನಿಕೋಡಿನ ರೂಪದಲ್ಲಿ ಬಂತು. ಯೂನಿಕೋಡು ಒಳ್ಳೆಯದು, ಕನ್ನಡದ ಅಧ್ಯಾಪಕನಾಗಿ ನಾನು ಅದರ ಪಕ್ಷದವನು. ಅಲ್ಲಿ ಗೂಡಿನಲ್ಲಿರುವುದು ಆಕಾರದ ತುಂಡಲ್ಲ, ಅಕ್ಷರವೇ. ‘ನ್ವಿ’ ಎಂದರೆ ಯಾವ ಯಂತ್ರದಲ್ಲಿ ತೆರೆದರೂ ‘ನ್ವಿ’ಯೇ. ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು. ಜಗತ್ತಿನ ಈ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿತ್ತು. ಆದರೆ ಪುಟ ಕಟ್ಟುವ ತಂತ್ರಾಂಶಗಳಿಗೆ ಅದು ಜೀರ್ಣವಾಗಲಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರಲ್ಲಿ ಬಂದು ಅಲ್ಲಿಗೇ ನಿಂತಿತು. ಇನ್‌ಡಿಸೈನಿನಲ್ಲಿ ಕನ್ನಡದ ಒತ್ತಕ್ಷರ ನೆಟ್ಟಗೆ ಕೂತದ್ದು 2012ರ ಹೊತ್ತಿಗೆ. ಅಲ್ಲಿಯವರೆಗೆ ಅಂಗಡಿಗಳವರು ಹಳೆಯ ಯಂತ್ರ, ಹಳೆಯ ಫಾಂಟುಗಳನ್ನೇ ಕಾಪಾಡಿಕೊಂಡು ಬಂದರು. ಅದನ್ನು ಹಟ ಎನ್ನುವವರು ಅವರ ಬಾಡಿಗೆ ಕಟ್ಟಿದವರಲ್ಲ. ಆಮೇಲೆ ಫೋನು ಬಂತು. ನನ್ನ ವಿದ್ಯಾರ್ಥಿಗಳು ಈಗ ಬಸ್ಸಿನಲ್ಲಿ ಕೂತು ಹೆಬ್ಬೆರಳಿನಲ್ಲಿ ಪ್ರಬಂಧ ಬರೆಯುತ್ತಾರೆ; ಬೇಸರವಾದರೆ ಫೋನಿಗೆ ಬಾಯಲ್ಲಿ ಹೇಳುತ್ತಾರೆ. ನಮ್ಮ ಕಡೆಯ ‘ಹೊಂಟೀನಿ’ ‘ಬಂದಾಳ’ಗಳನ್ನು ಆ ಫೋನು ತನಗೆ ತೋಚಿದಂತೆ ಬರೆಯುತ್ತದೆ. ಹಿಂದೆ ಕೈಬರಹದ ಕಟ್ಟುಗಳನ್ನು ಹಿಡಿದು ಅಂಗಡಿಯ ಮುಂದೆ ಸರದಿ ನಿಲ್ಲುತ್ತಿದ್ದವರು ಯಾರೂ ಈಗ ಬರುವುದಿಲ್ಲ. ನೋಡದೆ ಟೈಪು ಮಾಡುವ ಆ ಬೆರಳುಗಳಿಗೆ ಪುಟಕ್ಕಿಷ್ಟು ಎಂದು ಇದ್ದ ಬೆಲೆ ಐದಾರು ವರ್ಷದಲ್ಲಿ ಇಳಿದುಹೋಯಿತು.

ಹೀಗಿರುವಾಗ ಹಾಡುಗಳ ಪ್ರಸಂಗ ನಡೆಯಿತು. 2007ರಲ್ಲಿ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ನೀರಮಾನ್ವಿಯ ಸುತ್ತಿನ ಹೆಣ್ಣುಮಕ್ಕಳಿಂದ ಯಲ್ಲಮ್ಮನ ಹಾಡು, ಬೀಸುವ ಹಾಡು, ಸೋಬಾನೆಗಳನ್ನು ಕೇಳಿ ಬರೆದುಕೊಂಡಿದ್ದರು. ಒಟ್ಟು 140 ಪುಟ. ಆಗ ಅದನ್ನು ಟೈಪು ಮಾಡಿದವನು ನಮ್ಮ ಹುಡುಗನೇ. ಅಚ್ಚು ಹಾಕಿಸಲು ಅನುದಾನ ಬರಲಿಲ್ಲ. ಹಾಡುಗಳು ಒಂದು ಸಿ.ಡಿ.ಯಲ್ಲಿ ಉಳಿದವು. ನೋಟುಬುಕ್ಕುಗಳು ವಿದ್ಯಾರ್ಥಿಗಳೊಡನೆ ಚದುರಿದವು. ಕ್ಯಾಸೆಟ್ಟುಗಳು ರಾಯಚೂರಿನ ಬಿಸಿಲಿಗೆ ಅಂಟಿಕೊಂಡವು. ಹಾಡಿದ ಏಳು ಮಂದಿ ಮುದುಕಿಯರಲ್ಲಿ ಈಗ ಇಬ್ಬರಿದ್ದಾರೆ. ಇಬ್ಬರಲ್ಲಿ ಒಬ್ಬರಿಗೆ ಹಾಡು ಮರೆತಿದೆ. ಕಳೆದ ವರ್ಷ ಅಚ್ಚಿನ ಮಾತು ಮತ್ತೆ ಎದ್ದಾಗ ಸಿ.ಡಿ.ಯನ್ನು ತೆರೆಸಿದೆವು. ಯೂರೋಪಿನ ಟೋಪಿಯ ಮಂದಿ 140 ಪುಟ ತುಂಬ ನಿಂತಿದ್ದರು.

ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಕಾಲೇಜಿನ ಕಂಪ್ಯೂಟರ್ ವಿಭಾಗದ ತರುಣ ಅಧ್ಯಾಪಕರು ನುಡಿಯ ಪರಿವರ್ತಕಕ್ಕೆ ಹಾಕಿ ಒಂದು ನಿಮಿಷದಲ್ಲಿ ಕೆಲಸ ಮುಗಿಸಿದರು. ನುಡಿಗಳು ಸರಿಯಾಗಿ ಬಂದವು. ಪ್ರತಿ ಹಾಡಿನ ಪಲ್ಲವಿಯೂ ಸೊಲ್ಲೂ ಅರ್ಥವಿಲ್ಲದ ಗೊಣಗಾಟವಾಗಿ ಬಂದವು. ಕಾರಣ ಆಮೇಲೆ ತಿಳಿಯಿತು: ಪಲ್ಲವಿ ಎದ್ದು ಕಾಣಲೆಂದು ನಮ್ಮ ಹುಡುಗ ಅದನ್ನು ಬೇರೆ ಕಂಪನಿಯ ಚೆಂದದ ಫಾಂಟಿನಲ್ಲಿ ಕೂರಿಸಿದ್ದ. ಸಿ.ಡಿ.ಯಲ್ಲಿ ಉಳಿದಿದ್ದ ಬರಿಯ ಪಠ್ಯದಲ್ಲಿ ಯಾವ ಸಾಲು ಯಾವ ಫಾಂಟಿನದೆಂಬ ಗುರುತು ಇರಲಿಲ್ಲ.

ಎರಡು ಲಿಪಿಯ ಈ ಚಟ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ, ಕೊನೆಯಲ್ಲಿ ತನ್ನ ಹೆಸರು ಹಾಕಿ, ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದ. ಚಕ್ರವರ್ತಿಯ ಶಾಸನದಲ್ಲಿ ಅಷ್ಟು ಜಾಗ ಅವನದು. ಅದನ್ನು ಓದಲು ಖರೋಷ್ಠಿ ಬಲ್ಲವರೇ ಬರಬೇಕಾಯಿತು.

ಹುಡುಗನನ್ನು ಕರೆಸಿದೆ. ಹುಡುಗನೆಂದೆನಲ್ಲವೆ, ಈಗ ಅವನ ಮೀಸೆ ಅರ್ಧ ಬೆಳ್ಳಗಾಗಿದೆ. ಕನ್ನಡಕವನ್ನು ಹಣೆಗೆ ಏರಿಸಿ, ಪರದೆಗೆ ಮೂಗು ತಗಲುವಷ್ಟು ಬಾಗಿ ನೋಡಿದ. ಟೋಪಿಯ ಮಂದಿಯನ್ನು ಒಬ್ಬೊಬ್ಬರನ್ನಾಗಿ ಗುರುತಿಸತೊಡಗಿದ. “ಇದು ದೀರ್ಘರಿ. ಇದು ಲಕಾರದ ಒತ್ತು. ಇಲ್ಲಿ ನೋಡ್ರಿ, ಇದು ಆ ಪುಣೇದ್ದು, ನಮ್ ನುಡೀದಲ್ಲ.” ಪರಿವರ್ತಕಕ್ಕೆ ಸಿಗದ ಸಾಲನ್ನು ಅವನು ಅಂಗಿ ಇಲ್ಲದ ಅಕ್ಷರಗಳಿಂದಲೇ ಗಟ್ಟಿಯಾಗಿ ಓದಿದ, ಎರಡನೆಯ ಸಾಲಿಗೆ ದನಿ ತಾನಾಗಿ ರಾಗಕ್ಕೆ ಹೊರಳಿತು. ಮಧ್ಯದಲ್ಲೊಮ್ಮೆ ನಿಂತು, “ಸರ, ಇಲ್ಲಿ ಒಂದು ನುಡಿ ಬಿಟ್ಟದ. ನಮ್ಮವ್ವ ಹಾಡೂದ್ರಾಗ ಇನ್ನೊಂದು ಐತ್ರಿ. ಅವತ್ತ ಟೈಪ್ ಮಾಡಬೇಕಾದ್ರನ ಅಂದ್ಕೊಂಡಿದ್ದೆ, ಕೇಳೂವ್ರು ಇರಲಿಲ್ಲ” ಎಂದ.

“ಈಗ ಕೇಳೇವಲ್ಲಪಾ, ಹೇಳು” ಎಂದೆ. ಹೇಳಿದ, ಬರೆದುಕೊಂಡೆ.

ಹನ್ನೊಂದು ಸಂಜೆ ಬಂದು 140 ಪುಟವನ್ನೂ ಮುಗಿಸಿಕೊಟ್ಟ. ‘ಎಲ್ಲವ್ವ’ ಎಂದು ಹಾಡಿದವಳದು ‘ಎಲ್ಲವ್ವ’, ‘ಯಲ್ಲವ್ವ’ ಎಂದವಳದು ‘ಯಲ್ಲವ್ವ’. ಒಂದನ್ನೂ ಗ್ರಂಥಸ್ಥ ಮಾಡಲಿಲ್ಲ. ತರುಣ ಅಧ್ಯಾಪಕರು ನಾಲ್ಕನೆಯ ಸಂಜೆಯಿಂದ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಪುಣೆಯ ಪೆಟ್ಟಿಗೆಯ ಗೂಡುಗಳನ್ನು ಒಂದು ಪಟ್ಟಿಯಾಗಿ ಬರೆದುಕೊಂಡರು. ಹಿಂದೆ ನಿಲ್ಲದೆ ಪಕ್ಕದಲ್ಲಿ ಕೂತವರನ್ನು ಅವನು ಕಂಡದ್ದು ಅದೇ ಮೊದಲೆಂದು ಕಾಣುತ್ತದೆ. ಮೊದಲ ದಿನ ಎರಡು ಸಲ ಎದ್ದು ನಿಂತ.

ಹಣದ ಮಾತು ಬಂತು. ಪುಟಕ್ಕೆ ನಲವತ್ತರಂತೆ 5,600 ರೂಪಾಯಿ ಎಂದು ನಾನೇ ಗೊತ್ತು ಮಾಡಿದೆ. ಕಚೇರಿಯ ಗುಮಾಸ್ತರು ವೋಚರು ತೆಗೆದರು. ಅದರಲ್ಲಿ ಟೈಪಿಂಗ್ ಎಂದಿದೆ, ಮುದ್ರಣ ಎಂದಿದೆ, ಕರಡು ತಿದ್ದುವಿಕೆ ಎಂದಿದೆ, ಬೈಂಡಿಂಗ್ ಎಂದೂ ಇದೆ. “ಇವ್ರು ಮಾಡಿದ್ದು ಏನ್ ಕೆಲ್ಸ ಅಂತ ಬರೀಲ್ರಿ ಸರ?” ಎಂದು ಗುಮಾಸ್ತರು ಕೇಳಿದರು. ಟೈಪಿಂಗ್ ಎನ್ನಲು ಅವನು ಹೊಸದಾಗಿ ಟೈಪು ಮಾಡಿದ್ದು ಕಡಿಮೆ. ಕರಡು ತಿದ್ದಿದ ಎನ್ನಲು ಅಲ್ಲಿ ಕರಡೇ ಇರಲಿಲ್ಲ. ‘ಓದಿದ್ದಕ್ಕೆ’ ಎಂದು ಬರೆಯಿರಿ ಎಂದೆ. ಓದಿದ್ದಕ್ಕೆ ದುಡ್ಡು ಕೊಟ್ಟರೆ ಆಡಿಟ್ಟಿನವರು ಒಪ್ಪುವುದಿಲ್ಲವೆಂದು ಅವರು ತಲೆಯಾಡಿಸಿದರು. ಕೊನೆಗೆ ‘ಇತರೆ’ ಎಂಬಲ್ಲಿ ಗುರುತು ಹಾಕಿ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಮುಂದಕ್ಕೆ ಚಾಚಿದರು. ಅವನು ಪೆನ್ನು ಹಿಡಿದು ಸ್ಟಾಂಪಿನ ಮೇಲೆ ಅಡ್ಡವಾಗಿ ತನ್ನ ಹೆಸರನ್ನು ಬರೆದ. ಇಷ್ಟು ವರ್ಷದ ಪರಿಚಯದಲ್ಲಿ ಅವನ ಕೈಬರಹವನ್ನು ನಾನು ನೋಡಿದ್ದು ಅಂದೇ, ಅಕ್ಷರ ದುಂಡಗಿತ್ತು.